ಹತ್ತು ವರ್ಷ ಕೇಳಿಸದ ಧ್ವನಿ

ರೇಡಿಯೋ ಕೇಳುವವರಿಗೆ ಒಂದು ವಿಶೇಷ ಅಭ್ಯಾಸ ಬೆಳೆದಿರುತ್ತದೆ. ಮುಖ ನೋಡದೆ ಮನುಷ್ಯನನ್ನು ಗುರುತಿಸುವುದು. ವಾರ್ತೆ ಓದುವವರನ್ನು ನೀವು ಎಂದೂ ಕಣ್ಣಾರೆ ಕಂಡಿರಲಿಕ್ಕಿಲ್ಲ. ಆದರೂ ಮೊದಲನೆಯ ವಾಕ್ಯ ಮುಗಿಯುವುದರೊಳಗೆ ಇವರು ಇಂಥವರೇ ಎಂದು ಹೇಳಿಬಿಡುತ್ತೀರಿ. ಅವರಿಗೆ ನೆಗಡಿಯಾಗಿದ್ದರೆ ಅದೂ ನಿಮಗೆ ಗೊತ್ತಾಗುತ್ತದೆ.

ಈಗ ಇದಕ್ಕೆ ತೀರ ವಿರುದ್ಧವಾದ ಒಂದು ಸ್ಥಿತಿಯನ್ನು ಊಹಿಸಿಕೊಳ್ಳಿ. ಒಬ್ಬ ನಟನ ಮುಖ ಲಕ್ಷಾಂತರ ಜನಕ್ಕೆ ಪರಿಚಿತ. ಅವನು ನಗುವ ರೀತಿ, ಹುಬ್ಬೇರಿಸುವ ರೀತಿ, ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡುವ ರೀತಿ ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅವನ ಧ್ವನಿ ಹೇಗಿದೆಯೆಂಬುದು ಅವರಿಗೆ ತಿಳಿಯದು. ತಿಳಿದುಕೊಳ್ಳುವ ಉಪಾಯವೂ ಇಲ್ಲ. ಪರದೆಯ ಮೇಲೆ ಅವನ ತುಟಿಗಳು ಅಲುಗುತ್ತವೆ. ಆಡಿದ ಮಾತು ಮರುಕ್ಷಣ ಬಿಳಿಯ ಅಕ್ಷರಗಳಾಗಿ ಮೂಡಿ ಮಾಯವಾಗುತ್ತದೆ.

ಮೂಕ ಚಿತ್ರಗಳ ಕಾಲದಲ್ಲಿ ಎಲ್ಲ ನಟರ ಪಾಡೂ ಇದೇ ಆಗಿತ್ತು. ಅವರಲ್ಲಿ ಒಬ್ಬನ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನು ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲಿ ಚಿತ್ರರಂಗಕ್ಕೆ ಬಂದು, ಅಮೆರಿಕದಲ್ಲಿ ಹೆಸರುವಾಸಿಯಾದ ರೊನಾಲ್ಡ್ ಕೋಲ್ಮನ್. ಅವನಲ್ಲಿದ್ದ ಸಂಪತ್ತುಗಳಲ್ಲಿ ಎಲ್ಲಕ್ಕಿಂತ ಮಿಗಿಲಾದುದು ಅವನ ಕಂಠ. ಆದರೆ ಚಿತ್ರರಂಗದಲ್ಲಿ ಮೊದಲನೆಯ ಹತ್ತು ವರ್ಷ ಆ ಕಂಠವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಳಸಿಕೊಂಡು ಅವನು ದುಡಿಯಬೇಕಾಯಿತು. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ನಮ್ಮ ಗಾದೆ ನೆನಪಾಗುತ್ತದೆ, ಅಲ್ಲವೆ? ಹಾಗಾದರೆ ಆ ಹತ್ತು ವರ್ಷ ನಷ್ಟವಾದುದೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ ಜೀವನವನ್ನು ನೋಡೋಣ.

ಕೋಲ್ಮನ್ ಹುಟ್ಟಿದುದು 1891ನೆಯ ಫೆಬ್ರವರಿ 9ರಂದು, ಲಂಡನ್ನಿಗೆ ಹತ್ತಿರದ ರಿಚ್ಮಂಡಿನಲ್ಲಿ. ತಂದೆ ರೇಷ್ಮೆಯ ವ್ಯಾಪಾರಿ. ಹುಡುಗ ಸಂಕೋಚದ ಸ್ವಭಾವದವನು. ಆದರೆ ಶಾಲೆಯ ನಾಟಕಗಳಲ್ಲಿ ವೇಷ ಹಾಕಿದಾಗ ಮಾತ್ರ ಆ ಸಂಕೋಚ ಎಲ್ಲಿಯೋ ಹೋಗುತ್ತಿತ್ತು. ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಇಂಜಿನಿಯರಿಂಗ್ ಓದಬೇಕೆಂಬುದು ಮನೆಯವರ ಯೋಚನೆಯಾಗಿತ್ತು. 1907ರಲ್ಲಿ ತಂದೆ ನ್ಯುಮೋನಿಯಾದಿಂದ ಹಠಾತ್ತನೆ ತೀರಿಕೊಂಡನು. ಓದಿನ ಮಾತು ಅಲ್ಲಿಗೆ ಮುಗಿಯಿತು. ಹದಿನಾರು ವರ್ಷದ ಹುಡುಗ ಲಂಡನ್ನಿನ ಒಂದು ಹಡಗಿನ ಕಂಪೆನಿಯಲ್ಲಿ ಗುಮಾಸ್ತೆಯಾಗಿ ಸೇರಿದನು. ಹಗಲು ಲೆಕ್ಕದ ಪುಸ್ತಕ, ಸಂಜೆ ಹವ್ಯಾಸಿ ನಾಟಕ ಸಂಘ. ನಮ್ಮ ಊರುಗಳಲ್ಲಿಯೂ ಇಂಥವರನ್ನು ನೀವು ಕಂಡಿದ್ದೀರಿ.

1909ರಲ್ಲಿ ಅವನು ಲಂಡನ್ ಸ್ಕಾಟಿಷ್ ಎಂಬ ಸೇನಾ ಪಡೆಗೆ ಸೇರಿದನು. ಅದು ಪೂರ್ಣಾವಧಿಯ ಸೈನಿಕರ ಪಡೆಯಲ್ಲ. ಕಚೇರಿಗಳಲ್ಲಿ ಕೆಲಸ ಮಾಡುವ ತರುಣರು ಬಿಡುವಿನ ವೇಳೆಯಲ್ಲಿ ಕವಾಯತು ಕಲಿಯುವ ಪಡೆ. 1914ರಲ್ಲಿ ಯುದ್ಧ ಘೋಷಣೆಯಾದಾಗ ಈ ಗುಮಾಸ್ತರನ್ನೂ ಕರೆದರು. ಸೆಪ್ಟೆಂಬರಿನಲ್ಲಿ ಅವರು ಫ್ರಾನ್ಸಿಗೆ ಹೊರಟರು. ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಮೆಸ್ಸೀನ್ ಎಂಬ ಹಳ್ಳಿಯ ಬಳಿ ಅವರನ್ನು ಕದನಕ್ಕೆ ಇಳಿಸಿದರು. ಒಂದು ರಾತ್ರಿ ಕಳೆಯುವುದರೊಳಗೆ ಪಡೆಯ ಸುಮಾರು ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಕೋಲ್ಮನ್ನನ ಹರಡಿಗೆ ಸಿಡಿಗುಂಡಿನ ಚೂರು ಹೊಕ್ಕಿತು. 1915ರಲ್ಲಿ ಅವನನ್ನು ಸೇನೆಯಿಂದ ಬಿಡುಗಡೆ ಮಾಡಿ ಮನೆಗೆ ಕಳಿಸಿದರು. ಗಾಯ ಮಾಗಿತು, ಕುಂಟು ಉಳಿಯಿತು. ಮುಂದೆ ನಟನಾಗಿ ಬಾಳಿದಷ್ಟು ಕಾಲವೂ ಅವನು ಆ ಕುಂಟನ್ನು ಜನರ ಕಣ್ಣಿಗೆ ಬೀಳದಂತೆ ಮರೆಮಾಡಬೇಕಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದೇ ಯುದ್ಧದಲ್ಲಿ ಅದೇ ಲಂಡನ್ ಸ್ಕಾಟಿಷ್ ಪಡೆಯಲ್ಲಿ ಇನ್ನೂ ಕೆಲವರು ಮುಂದಿನ ನಟರಿದ್ದರು. ಹರ್ಬರ್ಟ್ ಮಾರ್ಷಲ್ ಒಂದು ಕಾಲನ್ನು ಕಳೆದುಕೊಂಡನು. ಕ್ಲಾಡ್ ರೇನ್ಸ್ ವಿಷಾನಿಲಕ್ಕೆ ಸಿಕ್ಕಿ ಒಂದು ಕಣ್ಣಿನ ದೃಷ್ಟಿಯನ್ನು ಹೆಚ್ಚುಕಡಮೆ ಪೂರ್ತಿಯಾಗಿ ಕಳೆದುಕೊಂಡನು. ವಿಚಿತ್ರವೆಂದರೆ ಮೂವರೂ ಮುಂದೆ ವಾಕ್ಚಿತ್ರಗಳಲ್ಲಿ ಧ್ವನಿಯ ಸೊಗಸಿಗೆ ಹೆಸರಾದರು. ದೇಹ ಕೈಕೊಟ್ಟವರನ್ನು ಕಂಠ ಕಾಪಾಡಿತೆನ್ನಬಹುದು.

ಸೇನೆಯಿಂದ ಹಿಂದಿರುಗಿದ ಕೋಲ್ಮನ್ ಮತ್ತೆ ಗುಮಾಸ್ತೆಯ ಕುರ್ಚಿಗೆ ಹೋಗಲಿಲ್ಲ. 1916ರ ಜೂನ್ 19ರಂದು ಲಂಡನ್ನಿನ ಕೊಲಿಸಿಯಂ ರಂಗಮಂದಿರದಲ್ಲಿ ಅವನಿಗೆ ಒಂದು ಪಾತ್ರ ಸಿಕ್ಕಿತು. ನಾಟಕದ ಹೆಸರು ‘ದಿ ಮಹಾರಾಣಿ ಆಫ್ ಅರಕಾನ್’. ಪಾತ್ರದ ಹೆಸರು ರಹಮತ್ ಶೇಖ್. ಈ ಹೆಸರುಗಳನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದು ನಮ್ಮ ರವೀಂದ್ರನಾಥ ಠಾಕೂರರ ‘ದಾಲಿಯಾ’ ಎಂಬ ಕತೆಯನ್ನು ಆಧರಿಸಿದ ಏಕಾಂಕ. ಜಾರ್ಜ್ ಕಾಲ್ಡರನ್ ಎಂಬ ಇಂಗ್ಲಿಷ್ ನಾಟಕಕಾರ ಅದನ್ನು ರಂಗಕ್ಕೆ ಅಳವಡಿಸಿದ್ದನು. ಕೋಲ್ಮನ್ ಆ ಪಾತ್ರ ವಹಿಸುವ ಹೊತ್ತಿಗೆ ಕಾಲ್ಡರನ್ ಬದುಕಿರಲಿಲ್ಲ. 1915ರಲ್ಲಿ ಗಲಿಪೊಲಿಯ ಕದನದಲ್ಲಿ ಅವನು ಮಡಿದಿದ್ದನು. ಯುದ್ಧದಲ್ಲಿ ಸತ್ತ ಒಬ್ಬನು ಬರೆದ ಮಾತನ್ನು ಯುದ್ಧದಿಂದ ಕುಂಟುತ್ತ ಬಂದ ಇನ್ನೊಬ್ಬನು ಆಡಿದನು. ಆ ಮಾತಿನ ಮೂಲ ಬಂಗಾಳದ ಕತೆ.

ಮುಂದಿನ ಎರಡು ಮೂರು ವರ್ಷ ಅವನಿಗೆ ಲಂಡನ್ನಿನ ರಂಗಭೂಮಿಯಲ್ಲಿ ಪಾತ್ರಗಳು ಸಿಕ್ಕುತ್ತ ಹೋದವು. ಆಮೇಲೆ ಚಲಚ್ಚಿತ್ರದವರ ಕರೆ ಬಂದಿತು. 1919 ಮತ್ತು 1920ರಲ್ಲಿ ಅವನು ‘ದಿ ಟಾಯ್ಲರ್ಸ್’, ‘ಎ ಡಾಟರ್ ಆಫ್ ಈವ್’, ‘ಷೀಬಾ’, ‘ಸ್ನೋ ಇನ್ ದಿ ಡೆಸರ್ಟ್’, ‘ಎ ಸನ್ ಆಫ್ ಡೇವಿಡ್’, ‘ಅನ್ನಾ ದಿ ಅಡ್ವೆಂಚರೆಸ್’, ‘ದಿ ಬ್ಲಾಕ್ ಸ್ಪೈಡರ್’ ಮುಂತಾದ ಚಿತ್ರಗಳಲ್ಲಿ ಅಭಿನಯಿಸಿದನು. ‘ಷೀಬಾ’ ಮತ್ತು ‘ಅನ್ನಾ ದಿ ಅಡ್ವೆಂಚರೆಸ್’ ಚಿತ್ರಗಳನ್ನು ತಯಾರಿಸಿದವನು ಸೆಸಿಲ್ ಹೆಪ್‌ವರ್ತ್. ಥೇಮ್ಸ್ ನದಿಯ ದಡದ ವಾಲ್ಟನ್ ಎಂಬ ಊರಿನಲ್ಲಿ ಸ್ಟುಡಿಯೋ ಕಟ್ಟಿಕೊಂಡು ಚಿತ್ರ ತೆಗೆಯುತ್ತಿದ್ದ ಹೆಪ್‌ವರ್ತ್, ಬ್ರಿಟಿಷ್ ಚಿತ್ರೋದ್ಯಮದ ಆದ್ಯರಲ್ಲಿ ಒಬ್ಬನು.

ಈ ಚಿತ್ರಗಳಿಂದ ಕೋಲ್ಮನ್ನನಿಗೆ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಅವನ ಮುಖ ಪರದೆಗೆ ಒಪ್ಪುವುದಿಲ್ಲವೆಂದು ಆಗಿನ ಚಿತ್ರದವರು ಟಿಪ್ಪಣಿ ಬರೆದಿಟ್ಟಿದ್ದರೆಂಬ ಕತೆಯೂ ಪ್ರಚಾರದಲ್ಲಿದೆ. ಆ ಚಿತ್ರಗಳಲ್ಲಿ ಹೆಚ್ಚಿನವು ಇಂದು ನೋಡಲು ಸಿಕ್ಕುವುದಿಲ್ಲ. ಹೆಪ್‌ವರ್ತನ ಕಂಪೆನಿ ದಿವಾಳಿಯೆದ್ದಾಗ ಅವನು ವರ್ಷಗಟ್ಟಲೆ ಕೂಡಿಟ್ಟಿದ್ದ ಫಿಲ್ಮುಗಳನ್ನು 1924ರಲ್ಲಿ ಕಚ್ಚಾ ವಸ್ತುವಿನ ಬೆಲೆಗೆ ಮಾರಿ ಕರಗಿಸಿಬಿಟ್ಟರು. ಪಾತ್ರೆ ಕರಗಿಸಿ ಲೋಹ ಮಾರಿದಂತೆ. ಒಂದು ದೇಶದ ಚಿತ್ರಕಲೆಯ ಬಾಲ್ಯ ಹೀಗೆ ಕಣ್ಮರೆಯಾಯಿತು.

ಆ ವೇಳೆಗೆ ಬ್ರಿಟನ್ನಿನ ಚಿತ್ರೋದ್ಯಮ ಯುದ್ಧದ ಪೆಟ್ಟಿನಿಂದ ಸೊರಗಿತ್ತು. ಅಮೆರಿಕದ ಚಿತ್ರಗಳು ಪ್ರವಾಹದಂತೆ ಬರುತ್ತಿದ್ದವು. 1926ರ ಸುಮಾರಿಗೆ ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ನೂರಕ್ಕೆ ಸುಮಾರು ಐದು ಮಾತ್ರ ಅಲ್ಲಿಯೇ ತಯಾರಾದವು. ಕೊನೆಗೆ 1927ರಲ್ಲಿ ಸರಕಾರ ಕಾನೂನು ಮಾಡಿ, ಇಷ್ಟು ಪಾಲು ಸ್ವದೇಶದ ಚಿತ್ರ ತೋರಿಸಲೇಬೇಕೆಂದು ವಿಧಿಸಬೇಕಾಯಿತು. ಇಂಥ ಕಾಲದಲ್ಲಿ ಕೆಲಸ ಸಿಕ್ಕದ ಒಬ್ಬ ನಟ ಎತ್ತ ನೋಡಿಯಾನು? 1920ರಲ್ಲಿ ಕೋಲ್ಮನ್ ನ್ಯೂಯಾರ್ಕಿಗೆ ಹಡಗು ಹತ್ತಿದನು. ಇಳಿದಾಗ ಅವನ ಕಿಸೆಯಲ್ಲಿ 37 ಡಾಲರು, ಪೆಟ್ಟಿಗೆಯಲ್ಲಿ ಒಗೆದ ಮೂರು ಕಾಲರು, ಎರಡು ಪರಿಚಯ ಪತ್ರ ಇದ್ದುವೆಂದು ಹೇಳುತ್ತಾರೆ.

ಅಲ್ಲಿಯೂ ಬಾಗಿಲು ಒಮ್ಮೆಗೇ ತೆರೆಯಲಿಲ್ಲ. ಊರೂರು ಸುತ್ತುವ ನಾಟಕ ತಂಡಗಳಲ್ಲಿ ಸಣ್ಣ ಪಾತ್ರಗಳು. 1921ರ ಜನವರಿಯಲ್ಲಿ ನ್ಯೂಯಾರ್ಕಿನ ಬೂತ್ ರಂಗಮಂದಿರದಲ್ಲಿ ‘ದಿ ಗ್ರೀನ್ ಗಾಡೆಸ್’ ಎಂಬ ನಾಟಕ ಆರಂಭವಾಯಿತು. ಹಿಮಾಲಯದಾಚೆಯ ಒಂದು ಕಲ್ಪಿತ ರಾಜ್ಯದ ಕತೆ. ರಾಜನ ಪಾತ್ರದಲ್ಲಿ ಹೆಸರಾಂತ ನಟ ಜಾರ್ಜ್ ಆರ್ಲಿಸ್; ಗುಡಿಯ ಪೂಜಾರಿಯ ಸಣ್ಣ ಪಾತ್ರದಲ್ಲಿ ಕೋಲ್ಮನ್. ಈ ಆರ್ಲಿಸ್ಸನನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ; ಒಂಬತ್ತು ವರ್ಷದ ಮೇಲೆ ಇಬ್ಬರೂ ಮತ್ತೆ ಎದುರಾಗುತ್ತಾರೆ.

1922ರ ಸೆಪ್ಟೆಂಬರಿನಲ್ಲಿ ‘ಲಾ ತಾಂದ್ರೆಸ್’ ಎಂಬ ನಾಟಕದಲ್ಲಿ ಕೋಲ್ಮನ್ನನಿಗೆ ಒಳ್ಳೆಯ ಪಾತ್ರ ಸಿಕ್ಕಿತು. ಪ್ರೇಕ್ಷಕರಲ್ಲಿ ಹೆನ್ರಿ ಕಿಂಗ್ ಎಂಬ ಚಿತ್ರ ನಿರ್ದೇಶಕನಿದ್ದನು. ಇಟಲಿಯಲ್ಲಿ ತೆಗೆಯಲಿದ್ದ ‘ದಿ ವೈಟ್ ಸಿಸ್ಟರ್’ ಚಿತ್ರಕ್ಕೆ ಅವನು ನಾಯಕನನ್ನು ಹುಡುಕುತ್ತಿದ್ದನು. ನಾಯಕಿ ಲಿಲಿಯನ್ ಗಿಷ್. ಆಗಿನ ಮೂಕ ಚಿತ್ರ ಪ್ರಪಂಚದಲ್ಲಿ ಆಕೆಗೆ ಸಮಾನರು ಒಬ್ಬಿಬ್ಬರು ಮಾತ್ರ. ಕೋಲ್ಮನ್ ಹಿಂಜರಿದನು. ತನ್ನ ಮುಖ ಪರದೆಗೆ ಆಗದೆಂಬುದನ್ನು ಅವನು ಇಂಗ್ಲೆಂಡಿನಿಂದಲೇ ನಂಬಿಕೊಂಡು ಬಂದಿದ್ದನು. ಕಿಂಗ್ ಬಿಡಲಿಲ್ಲ. ಪರೀಕ್ಷೆಗೆಂದು ಕೂರಿಸಿ, ಕಪ್ಪು ಪೆನ್ಸಿಲಿನಿಂದ ಮೇಲ್ದುಟಿಯ ಮೇಲೆ ಒಂದು ಎಳೆಮೀಸೆ ಬರೆದು ನೋಡಿದನಂತೆ. ಪರದೆಗೆ ಒಪ್ಪದ ಮುಖ ಒಪ್ಪಿತು. ಪೆನ್ಸಿಲಿನ ಆ ಗೆರೆ ಮುಂದೆ ನಿಜವಾದ ಮೀಸೆಯಾಗಿ ಅವನ ಗುರುತೇ ಆಯಿತು.

‘ದಿ ವೈಟ್ ಸಿಸ್ಟರ್’ 1923ರಲ್ಲಿ ತೆರೆ ಕಂಡಿತು. ನಾಯಕ ಸೇನಾಧಿಕಾರಿ, ಆಫ್ರಿಕದಲ್ಲಿ ಸತ್ತನೆಂದು ಸುದ್ದಿ ಬರುತ್ತದೆ, ಪ್ರೇಯಸಿ ಸನ್ಯಾಸಿನಿಯಾಗುತ್ತಾಳೆ, ಆಮೇಲೆ ಅವನು ಬದುಕಿ ಬರುತ್ತಾನೆ. ಮೂವತ್ತೆರಡನೆಯ ವಯಸ್ಸಿನಲ್ಲಿ ಕೋಲ್ಮನ್ ಒಂದೇ ಚಿತ್ರದಿಂದ ಜನಪ್ರಿಯ ನಾಯಕನಾದನು. ಬಳಿಕ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅವನನ್ನು ಕರಾರಿಗೆ ತೆಗೆದುಕೊಂಡು ಹಾಲಿವುಡ್ಡಿನಲ್ಲಿ ನೆಲೆಗೊಳಿಸಿದನು. 1925ರಿಂದ 1928ರವರೆಗೆ ಅವನು ಹಂಗೇರಿಯ ಸುಂದರಿ ವಿಲ್ಮಾ ಬಾಂಕಿಯೊಡನೆ ಹಲವು ಚಿತ್ರಗಳಲ್ಲಿ ಜೋಡಿಯಾಗಿ ನಟಿಸಿದನು. 1926ರಲ್ಲಿ ‘ಬೋ ಜೆಸ್ಟ್’ ಬಂದಿತು. ಮರುಭೂಮಿಯ ಕೋಟೆಯಲ್ಲಿ ಕಾದಾಡುವ ಮೂವರು ಸೋದರರ ಆ ಕತೆ ಅವನ ಕೀರ್ತಿಯನ್ನು ಶಿಖರಕ್ಕೆ ಏರಿಸಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮೂಕ ಚಿತ್ರದಲ್ಲಿ ನಟನ ಕೆಲಸವೇನು? ನಾಟಕದಲ್ಲಿ ಕೊನೆಯ ಸಾಲಿನವನಿಗೂ ಕೇಳಿಸಬೇಕು, ಕಾಣಿಸಬೇಕು. ಅದರಿಂದ ದನಿ ಎತ್ತಬೇಕು, ಕೈ ಬೀಸಬೇಕು. ರಂಗದಿಂದ ಬಂದ ಹಲವರು ಪರದೆಯ ಮೇಲೆಯೂ ಹಾಗೆಯೇ ಮಾಡಿದರು. ಮಾತಿಲ್ಲವಲ್ಲ ಎಂದು ಇನ್ನಷ್ಟು ಕಣ್ಣರಳಿಸಿದರು, ಎದೆ ಬಡಿದುಕೊಂಡರು. ಆದರೆ ಕ್ಯಾಮೆರಾ ಕೊನೆಯ ಸಾಲಿನಲ್ಲಿ ಕೂತಿರುವುದಿಲ್ಲ. ಅದು ನಟನ ಮುಖದ ಮುಂದೆ ಎರಡು ಮಾರು ದೂರದಲ್ಲಿರುತ್ತದೆ. ಅಲ್ಲಿ ರೆಪ್ಪೆಯೊಂದು ಇಳಿದರೂ ಪರದೆಯ ಮೇಲೆ ಕಿಟಕಿಯ ಬಾಗಿಲು ಮುಚ್ಚಿದಷ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಬೇಗನೆ ಅರಿತವರಲ್ಲಿ ಕೋಲ್ಮನ್ ಒಬ್ಬನು. ಅವನು ಕಡಮೆ ಮಾಡುವುದನ್ನು ಕಲಿತನು. ಹೆಚ್ಚು ನಡೆದಾಡಿದರೆ ಕುಂಟು ಕಾಣಿಸೀತು. ಆದ್ದರಿಂದ ನಿಂತಲ್ಲಿಯೇ ನಿಂತು ಭಾವ ತೋರಿಸುವ ಅಗತ್ಯವೂ ಅವನಿಗೆ ಉಳಿದವರಿಗಿಂತ ಹೆಚ್ಚಾಗಿತ್ತೆಂದು ನಾವು ಊಹಿಸಬಹುದು. ದೋಷವನ್ನು ಮುಚ್ಚಲು ಹೊರಟವನು ಒಂದು ಗುಣವನ್ನು ಗಳಿಸಿದನು.

ಎರಡು ಉದಾಹರಣೆ ನೋಡಿ. 1925ರ ‘ದಿ ಡಾರ್ಕ್ ಏಂಜಲ್’ ಚಿತ್ರದಲ್ಲಿ ಅವನದು ಯುದ್ಧದಲ್ಲಿ ಕುರುಡನಾದ ಸೈನಿಕನ ಪಾತ್ರ. ಪ್ರೇಯಸಿಗೆ ತಾನು ಭಾರವಾಗಬಾರದೆಂದು ಅವನು ತನ್ನ ಕುರುಡನ್ನು ಆಕೆಯಿಂದ ಮುಚ್ಚಿಡುತ್ತಾನೆ. ಯುದ್ಧದ ಗಾಯವನ್ನು ಮುಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದ ನಟನಿಗೆ ಯುದ್ಧದ ಗಾಯವನ್ನು ಮುಚ್ಚಿಡುವ ಪಾತ್ರ. ಎರಡನೆಯದು, ಅದೇ ವರ್ಷ ಅರ್ನ್‌ಸ್ಟ್ ಲೂಬಿಷ್ ನಿರ್ದೇಶಿಸಿದ ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’. ಇದರ ಮೂಲ ಆಸ್ಕರ್ ವೈಲ್ಡನ ನಾಟಕ. ವೈಲ್ಡ್ ಎಂದರೆ ಮಾತು. ಒಂದೊಂದು ವಾಕ್ಯವೂ ಪಟಾಕಿ. ಲೂಬಿಷ್ ಮಾಡಿದ ಸಾಹಸವೆಂದರೆ ವೈಲ್ಡನ ಚಮತ್ಕಾರದ ಮಾತುಗಳನ್ನು ಪರದೆಯ ಅಕ್ಷರಗಳಲ್ಲಿಯೂ ಬಳಸದೆ, ಕಣ್ಣೋಟ, ತಿರುಗುವಿಕೆ, ಒಂದು ಕ್ಷಣದ ತಡೆ ಇವುಗಳಿಂದಲೇ ಕತೆ ಹೇಳಿದುದು. ಮಾತಿನ ನಾಟಕವನ್ನು ಮಾತಿಲ್ಲದೆ ಆಡಿ ಗೆದ್ದವರಲ್ಲಿ ಕೋಲ್ಮನ್ ಸೇರಿದ್ದನು.

1927ರ ಅಕ್ಟೋಬರಿನಲ್ಲಿ ‘ದಿ ಜಾಜ್ ಸಿಂಗರ್’ ಬಿಡುಗಡೆಯಾಯಿತು. ಪರದೆ ಮಾತನಾಡಿತು. ಎರಡು ಮೂರು ವರ್ಷಗಳಲ್ಲಿ ಮೂಕ ಚಿತ್ರ ಹಾಲಿವುಡ್ಡಿನಿಂದ ಹೆಚ್ಚುಕಡಮೆ ಮರೆಯಾಯಿತು. ನಟನಟಿಯರ ಎದೆ ನಡುಗಿತು. ಕ್ಯಾಮೆರಾದ ಸದ್ದು ಕೇಳಿಸಬಾರದೆಂದು ಅದನ್ನು ಗೂಡಿನಂಥ ಪೆಟ್ಟಿಗೆಯೊಳಗೆ ಕೂಡಿಹಾಕಿದರು. ಹೂಕುಂಡದಲ್ಲಿಯೋ ಮೇಜಿನ ಮರೆಯಲ್ಲಿಯೋ ಮೈಕ್ರೊಫೋನು ಅಡಗಿಸಿದರು. ಅದರಿಂದ ದೂರ ಸರಿದರೆ ಮಾತು ಹೋಯಿತು. ವಿಲ್ಮಾ ಬಾಂಕಿಯ ಇಂಗ್ಲಿಷಿನಲ್ಲಿ ಹಂಗೇರಿಯ ಉಚ್ಚಾರಣೆ ದಟ್ಟವಾಗಿತ್ತು. ಮೂಕ ಚಿತ್ರದಲ್ಲಿ ಅದು ಯಾರಿಗೂ ತೊಡಕಾಗಿರಲಿಲ್ಲ. ವಾಕ್ಚಿತ್ರದಲ್ಲಿ ಆಕೆಯ ಬಾಳು ಕೆಲವೇ ವರ್ಷಗಳಲ್ಲಿ ಮುಗಿಯಿತು. ಜನರ ಕಣ್ಮಣಿಯಾಗಿದ್ದ ಜಾನ್ ಗಿಲ್ಬರ್ಟನ 1929ರ ಒಂದು ಚಿತ್ರದಲ್ಲಿ ಪ್ರೇಮದ ಮಾತುಗಳನ್ನು ಕೇಳಿ ಪ್ರೇಕ್ಷಕರು ನಕ್ಕರು. ಅವನ ಧ್ವನಿಯೇ ಕೀಚಲೆಂಬ ಮಾತು ಬಹುಕಾಲ ಉಳಿದಿತ್ತು. ಉಳಿದಿರುವ ಚಿತ್ರಗಳನ್ನು ಈಗ ಕೇಳಿದರೆ ಧ್ವನಿಯಲ್ಲಿ ಅಂಥ ದೋಷವೇನೂ ಇರಲಿಲ್ಲವೆಂದು ತಿಳಿಯುತ್ತದೆ. ಅಕ್ಷರದಲ್ಲಿ ಓದಿದಾಗ ಸೊಗಸಾಗಿದ್ದ ಅಲಂಕಾರದ ಮಾತು ಕಿವಿಗೆ ಬಿದ್ದಾಗ ನಗೆಗೀಡಾಯಿತು, ಅಷ್ಟೆ.

ಈ ಸಂದರ್ಭದಲ್ಲಿ ಕೋಲ್ಮನ್ ಹಿಗ್ಗಿರಬೇಕೆಂದು ನೀವು ಎಣಿಸಬಹುದು. ಅವನು ಹಿಗ್ಗಲಿಲ್ಲ. ಧ್ವನಿಯ ವಿಷಯವನ್ನು ಕರಾರಿಗೆ ಸೇರಿಸಬೇಕೆಂದು ಗೋಲ್ಡ್‌ವಿನ್ ಕೇಳಿದಾಗ ಅವನು ಒಪ್ಪಲು ಮನಸ್ಸಿಲ್ಲವೆಂದು ಬರೆದನು. ಇದೊಂದು ವೈಜ್ಞಾನಿಕ ಸಾಧನೆ ನಿಜ, ಆದರೆ ಅಭಿನಯ ಕಲೆಯ ದೃಷ್ಟಿಯಿಂದ ಹಿಂದಕ್ಕೆ ಇಟ್ಟ ಹೆಜ್ಜೆ ಎಂಬುದು ಅವನ ಅಭಿಪ್ರಾಯ. ಹತ್ತು ವರ್ಷ ಕಷ್ಟಪಟ್ಟು ಕಲಿತ ಮೌನದ ವಿದ್ಯೆಯನ್ನು ಯಂತ್ರವೊಂದು ಬಂದು ನಿಷ್ಪ್ರಯೋಜಕ ಮಾಡೀತೆಂಬ ಭಯ ಅವನಿಗಿತ್ತು. ತನ್ನ ಅತ್ಯುತ್ತಮ ಸಂಪತ್ತು ಯಾವುದೆಂಬುದು ಅವನಿಗೇ ತಿಳಿದಿರಲಿಲ್ಲ.

ಗೋಲ್ಡ್‌ವಿನ್ ಅವಸರಪಡಲಿಲ್ಲ. ಸಿಕ್ಕಿದ ಕತೆಗೆ ಮಾತು ಅಂಟಿಸಿ ಪೇಟೆಗೆ ಬಿಡುತ್ತಿದ್ದ ಆ ದಿನಗಳಲ್ಲಿ ಅವನು ಒಳ್ಳೆಯ ನಾಟಕಕಾರನಿಂದ ಮಾತು ಬರೆಸಿ, ತಾಲೀಮು ಮಾಡಿಸಿ, ಆಮೇಲೆ ಚಿತ್ರ ತೆಗೆಸಿದನು. 1929ರ ಮೇ ತಿಂಗಳಲ್ಲಿ ‘ಬುಲ್‌ಡಾಗ್ ಡ್ರಮಂಡ್’ ತೆರೆ ಕಂಡಿತು. ಯುದ್ಧ ಮುಗಿದ ಮೇಲೆ ಬೇಸರದಿಂದ ಕೊಳೆಯುತ್ತಿರುವ ಸೇನಾಧಿಕಾರಿ, ಏನಾದರೂ ಸಾಹಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾನೆ. ಚಿತ್ರದ ಮೊದಲನೆಯ ದೃಶ್ಯವೇ ಒಂದು ಹಾಸ್ಯ. ಲಂಡನ್ನಿನ ಶ್ರೀಮಂತರ ಕ್ಲಬ್ಬು, ಎಲ್ಲೆಲ್ಲಿಯೂ ಮೌನ. ಪರಿಚಾರಕನ ಕೈಯಿಂದ ಒಂದು ಚಮಚ ಕೆಳಗೆ ಬೀಳುತ್ತದೆ. ಮುದುಕ ಸದಸ್ಯನೊಬ್ಬ ಈ ಗದ್ದಲಕ್ಕೆ ಕೊನೆಯೇ ಇಲ್ಲವೇ ಎಂದು ರೇಗುತ್ತಾನೆ. ಮಾತು ಬಂದ ಚಿತ್ರ ಮೌನವನ್ನೇ ಲೇವಡಿ ಮಾಡಿ ಆರಂಭವಾಯಿತು. ಆಮೇಲೆ ಕೋಲ್ಮನ್ ಮಾತನಾಡಿದನು. ಪ್ರೇಕ್ಷಕರು ಬೆರಗಾದರು. ಇಷ್ಟು ದಿನ ಈ ಧ್ವನಿ ಎಲ್ಲಿತ್ತು?

ಆ ಧ್ವನಿಯಲ್ಲಿ ಅಂಥದೇನಿತ್ತು? ಅದು ದೊಡ್ಡದಲ್ಲ, ಗುಡುಗುವುದಲ್ಲ. ಮೃದು, ತುಸು ನಗು ಬೆರೆತದ್ದು, ಪದಗಳ ನಡುವೆ ಉಸಿರಾಡಲು ಎಡೆಯಿರುವಂಥದು. ರಂಗದ ಗಟ್ಟಿ ದನಿಯವರನ್ನು ಮೈಕ್ರೊಫೋನು ಕರ್ಕಶ ಮಾಡಿತು. ಮೆಲ್ಲಗೆ ಹೇಳುವವನ ಮಾತನ್ನು ಅದು ಹತ್ತಿರ ಕರೆದುಕೊಂಡು ನಮ್ಮ ಕಿವಿಯ ಬಳಿ ಕೂರಿಸಿತು. ರೇಡಿಯೋದಲ್ಲಿ ಒಳ್ಳೆಯ ಭಾಷಣಕಾರ ಸಭೆಗೆ ಕೂಗುವಂತೆ ಕೂಗದೆ ಮನೆಯವರೊಡನೆ ಮಾತಾಡುವಂತೆ ಆಡುವುದನ್ನು ನೀವು ಗಮನಿಸಿರಬಹುದು. ಗುಟ್ಟು ಒಂದೇ. ಕ್ಯಾಮೆರಾದ ಮುಂದೆ ಮುಖವನ್ನು ಮಿತವಾಗಿ ಬಳಸಲು ಕಲಿತವನು ಮೈಕ್ರೊಫೋನಿನ ಮುಂದೆ ದನಿಯನ್ನು ಮಿತವಾಗಿ ಬಳಸಲು ಬೇರೆಯಾಗಿ ಕಲಿಯಬೇಕಾಗಿರಲಿಲ್ಲ. ವ್ಯರ್ಥವಾದೀತೆಂದು ಅವನು ಹೆದರಿದ್ದ ಮೌನದ ವಿದ್ಯೆಯೇ ಮಾತಿಗೆ ಬುನಾದಿಯಾಯಿತು.

ಅದೇ ವರ್ಷ ತೆಗೆದ ‘ಕಂಡೆಮ್ಡ್’ ಚಿತ್ರವೂ ಸೇರಿ ಅವನ ಹೆಸರು ಅತ್ಯುತ್ತಮ ನಟನ ಅಕಾಡೆಮಿ ಪ್ರಶಸ್ತಿಯ ಪಟ್ಟಿಗೆ ಬಂದಿತು. 1930ರ ನವೆಂಬರಿನಲ್ಲಿ ಪ್ರಶಸ್ತಿ ಘೋಷಿಸಿದಾಗ ಅದು ‘ಡಿಸ್ರೇಲಿ’ ಚಿತ್ರಕ್ಕಾಗಿ ಜಾರ್ಜ್ ಆರ್ಲಿಸ್ಸನಿಗೆ ಸಂದಿತು. ಅದೇ ಪಟ್ಟಿಯಲ್ಲಿ ಆರ್ಲಿಸ್ಸನ ಇನ್ನೊಂದು ಚಿತ್ರವೂ ಇತ್ತು; ವಾಕ್ಚಿತ್ರವಾಗಿದ್ದ ‘ದಿ ಗ್ರೀನ್ ಗಾಡೆಸ್’. ಒಂಬತ್ತು ವರ್ಷಗಳ ಹಿಂದೆ ಅದೇ ನಾಟಕದಲ್ಲಿ ಅವನು ರಾಜ, ಕೋಲ್ಮನ್ ಗುಡಿಯ ಪೂಜಾರಿ. ಈಗ ಇಬ್ಬರೂ ಒಂದೇ ಪಟ್ಟಿಯಲ್ಲಿ.

1932ರಲ್ಲಿ ಗೋಲ್ಡ್‌ವಿನ್ನನಿಗೂ ಅವನಿಗೂ ಮನಸ್ಸು ಮುರಿಯಿತು. ಸ್ವಲ್ಪ ಕುಡಿದಿದ್ದರೇ ಕೋಲ್ಮನ್ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಾನೆಂಬ ಅರ್ಥ ಬರುವ ಪ್ರಚಾರ ಹೊರಬಿದ್ದಿತು. ತನ್ನ ಖಾಸಗಿ ಬಾಳನ್ನು ಯಾರಿಗೂ ಬಿಟ್ಟುಕೊಡದ ಆ ಸಂಕೋಚದ ಮನುಷ್ಯ 20 ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದನು. ಕರಾರಿನಂತೆ ಉಳಿದ ಚಿತ್ರ ಮುಗಿಸಿದವನು ಮತ್ತೆ ಆ ನಿರ್ಮಾಪಕನ ಕೈಕೆಳಗೆ ದುಡಿಯಲಿಲ್ಲ.

1935ರಲ್ಲಿ ಎರಡು ಪಾತ್ರಗಳಿಗಾಗಿ ಅವನು ಪ್ರಸಿದ್ಧವಾದ ತನ್ನ ಮೀಸೆಯನ್ನೇ ಬೋಳಿಸಿದನು. ಒಂದು ‘ಕ್ಲೈವ್ ಆಫ್ ಇಂಡಿಯಾ’. ಅದರಲ್ಲಿಯ ಕ್ಲೈವ್ ಆಂಗ್ಲರು ಕಲ್ಪಿಸಿಕೊಂಡ ವೀರ. ಪ್ಲಾಸಿಯ ಕದನದ ಫಲವನ್ನು ಉಂಡ ನಮಗೆ ಅವನ ಗುರುತು ಬೇರೆ ರೀತಿಯಲ್ಲಿದೆ. ಇನ್ನೊಂದು ಡಿಕನ್ಸನ ಕಾದಂಬರಿಯಿಂದ ಬಂದ ‘ಎ ಟೇಲ್ ಆಫ್ ಟೂ ಸಿಟೀಸ್’. ಪ್ರೀತಿಸಿದವಳ ಗಂಡನ ಬದಲು ತಾನು ತಲೆಗೊಡುವ ಸಿಡ್ನಿ ಕಾರ್ಟನ್ನನ ಪಾತ್ರವನ್ನು ಅವನ ಶ್ರೇಷ್ಠ ಪಾತ್ರಗಳಲ್ಲಿ ಎಣಿಸುತ್ತಾರೆ. 1937ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶನದ ‘ಲಾಸ್ಟ್ ಹೊರೈಜನ್’, ಅದೇ ವರ್ಷ ‘ದಿ ಪ್ರಿಸನರ್ ಆಫ್ ಜೆಂಡಾ’.

1942ರ ‘ರ‍್ಯಾಂಡಂ ಹಾರ್ವೆಸ್ಟ್’ ಚಿತ್ರವನ್ನು ವಿಶೇಷವಾಗಿ ಹೇಳಬೇಕು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ನೆನಪು ಕಳೆದುಕೊಂಡ ಸೈನಿಕನ ಕತೆ ಅದು. ಆಸ್ಪತ್ರೆಯಲ್ಲಿರುವ ಆ ಮನುಷ್ಯನಿಗೆ ಮಾತೂ ಸರಿಯಾಗಿ ಹೊರಡದು. ಒಂದೊಂದು ಪದಕ್ಕೂ ತಡವರಿಸುತ್ತಾನೆ. ಲೋಕವೆಲ್ಲ ಮೆಚ್ಚಿದ ಕಂಠದವನು ಈ ಪಾತ್ರದಲ್ಲಿ ಮಾತಿಲ್ಲದವನ ಸಂಕಟವನ್ನು ಕಣ್ಣಿನಿಂದಲೇ ತೋರಿಸಿದನು. ಮೂಕ ಚಿತ್ರದ ಹಳೆಯ ಗಂಟು ಅವನು ಎಸೆದಿರಲಿಲ್ಲ.

ಕೊನೆಗೆ 1948ರ ಮಾರ್ಚ್ 20ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ‘ಎ ಡಬಲ್ ಲೈಫ್’ ಚಿತ್ರಕ್ಕಾಗಿ ಅವನಿಗೆ ಅಕಾಡೆಮಿ ಪ್ರಶಸ್ತಿ ಬಂದಿತು. ಒಥೆಲೋ ಪಾತ್ರ ಮಾಡುತ್ತ ಮಾಡುತ್ತ ಆ ಪಾತ್ರವೇ ತಾನಾಗಿ ಕೊಲೆ ಮಾಡುವ ನಟನ ಕತೆ. ಷೇಕ್ಸ್‌ಪಿಯರನ ಪದ್ಯ ನುಡಿಯಬೇಕಾಗಿದ್ದ ಆ ಪಾತ್ರಕ್ಕೆ ಅವನು ಅಳುಕಿದನು. ಹಿರಿಯ ರಂಗನಟ ವಾಲ್ಟರ್ ಹ್ಯಾಂಪ್ಡನ್ನನ ಬಳಿ ಪಾಠ ಹೇಳಿಸಿಕೊಂಡು ಸಿದ್ಧನಾದನು. ಹೆಸರು ಬಂದ ಮೇಲೆಯೂ ಪಾಠ ಹೇಳಿಸಿಕೊಳ್ಳಲು ಅವನಿಗೆ ನಾಚಿಕೆಯಾಗಲಿಲ್ಲ.

ಇನ್ನು ನಿಮಗೆ ಪ್ರಿಯವಾದ ಮಾಧ್ಯಮಕ್ಕೆ ಬರೋಣ. 1945ರಿಂದ ಅಮೆರಿಕದ ರೇಡಿಯೋದಲ್ಲಿ ಜಾಕ್ ಬೆನ್ನಿ ಎಂಬ ವಿನೋದಗಾರನ ಕಾರ್ಯಕ್ರಮದಲ್ಲಿ ಕೋಲ್ಮನ್ ಮತ್ತು ಅವನ ಪತ್ನಿ, ನಟಿ ಬೆನಿಟಾ ಹ್ಯೂಮ್, ಬೆನ್ನಿಯ ಪಕ್ಕದ ಮನೆಯವರಾಗಿ ಬರುತ್ತಿದ್ದರು. ಕೇಳಿದ್ದನ್ನೆಲ್ಲ ಎರವಲು ಪಡೆಯುವ ಜಿಪುಣ ನೆರೆಯವನನ್ನು ಸಹಿಸಲಾರದ ಸಭ್ಯ ದಂಪತಿಗಳು. 1948ರ ಮಾರ್ಚ್ 28ರ ಪ್ರಸಾರದಲ್ಲಿ, ಅಂದರೆ ಪ್ರಶಸ್ತಿ ಬಂದ ಮುಂದಿನ ವಾರ, ಬೆನ್ನಿ ಕೋಲ್ಮನ್ನನ ಪ್ರಶಸ್ತಿಯ ಪ್ರತಿಮೆಯನ್ನೇ ಎರವಲು ಪಡೆದು ಹೊರಡುತ್ತಾನೆ. ದಾರಿಯಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿ, ಹಣವೋ ಪ್ರಾಣವೋ ಎಂದು ಕೇಳುತ್ತಾನೆ. ಬೆನ್ನಿ ಉತ್ತರ ಕೊಡುವುದಿಲ್ಲ. ರೇಡಿಯೋದಲ್ಲಿ ಬರಿಯ ಮೌನ. ಕೇಳುಗರ ನಗು ಏರುತ್ತ ಹೋಗುತ್ತದೆ. ಕಳ್ಳ ಗದರಿದ ಮೇಲೆ ಬೆನ್ನಿ ಯೋಚಿಸುತ್ತಿದ್ದೇನೆ ಎನ್ನುತ್ತಾನೆ. ರೇಡಿಯೋ ಚರಿತ್ರೆಯಲ್ಲಿ ಬಹಳ ಹೆಸರಾದ ಮೌನಗಳಲ್ಲಿ ಇದೊಂದು. ಆ ಮೌನದ ವೇಳೆ ಬೆನ್ನಿಯ ಕೈಯಲ್ಲಿದ್ದುದು ಮೂಕ ಚಿತ್ರದಿಂದ ಬಂದ ನಟನ ಪ್ರಶಸ್ತಿ.

1950ರ ಜನವರಿಯಿಂದ 1952ರ ಜೂನ್‌ವರೆಗೆ ಕೋಲ್ಮನ್ ದಂಪತಿಗಳದೇ ಆದ ‘ದಿ ಹಾಲ್ಸ್ ಆಫ್ ಐವಿ’ ಎಂಬ ಅರ್ಧ ಗಂಟೆಯ ಕಾರ್ಯಕ್ರಮ ವಾರವಾರ ಪ್ರಸಾರವಾಯಿತು. ಸಣ್ಣ ಊರಿನ ಒಂದು ಕಾಲೇಜು. ಅದರ ಮುಖ್ಯಸ್ಥ ಕೋಲ್ಮನ್, ಅವನ ಹೆಂಡತಿ ಬೆನಿಟಾ. ಹುಡುಗರ ತಂಟೆ, ಆಡಳಿತ ಮಂಡಲಿಯ ಕಿರುಕುಳ, ಮನೆಯ ಸರಸ. ಹೊಡೆದಾಟವಿಲ್ಲ, ರಹಸ್ಯವಿಲ್ಲ. ಮುಖ ಕಾಣದ ಮನೆಮನೆಗಳಲ್ಲಿ ಆ ಧ್ವನಿಯನ್ನು ಕೇಳಲೆಂದೇ ಜನ ಕಾದು ಕೂರುತ್ತಿದ್ದರು. ಮುಖವಿದ್ದು ಧ್ವನಿಯಿಲ್ಲದೆ ಆರಂಭಿಸಿದವನು ಧ್ವನಿಯಿದ್ದು ಮುಖವಿಲ್ಲದ ಕಡೆಯಲ್ಲಿಯೂ ಗೆದ್ದನು.

1956ರಲ್ಲಿ ‘ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್’ ಚಿತ್ರದಲ್ಲಿ ಅವನು ಕೆಲವು ನಿಮಿಷಗಳ ಮಟ್ಟಿಗೆ ಭಾರತದ ರೈಲ್ವೆಯ ಅಧಿಕಾರಿಯಾಗಿ ಕಾಣಿಸಿಕೊಂಡನು. ಠಾಕೂರರ ಕತೆಯ ರಹಮತ್ ಶೇಖನಿಂದ ಈ ಅಧಿಕಾರಿಯವರೆಗೆ ನಾಲ್ವತ್ತು ವರ್ಷ ಕಳೆದಿತ್ತು. 1958ನೆಯ ಮೇ 19ರಂದು ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ, ಅರುವತ್ತೇಳನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ಅವನು ತೀರಿಕೊಂಡನು.

ಈಗ ಮೊದಲು ಕೇಳಿದ ಪ್ರಶ್ನೆ. ಆ ಹತ್ತು ವರ್ಷ ನಷ್ಟವೇ? ಕಂಠವೊಂದೇ ಸಾಕಾಗಿದ್ದರೆ 1929ರಲ್ಲಿ ರಂಗದ ಗಂಭೀರ ಧ್ವನಿಯವರೆಲ್ಲರೂ ಗೆಲ್ಲಬೇಕಾಗಿತ್ತು. ಮುಖವೊಂದೇ ಸಾಕಾಗಿದ್ದರೆ ಮೂಕ ಚಿತ್ರದ ಚೆಲುವರು ಯಾರೂ ಸೋಲಬಾರದಾಗಿತ್ತು. ಕೋಲ್ಮನ್ ಎರಡರ ನಡುವಣ ಸೇತುವೆ ದಾಟಿದುದು ಮಿತದ ಬಲದಿಂದ. ಆ ಮಿತವನ್ನು ಅವನಿಗೆ ಕಲಿಸಿದವು ಒಂದು ಕುಂಟು ಕಾಲು ಮತ್ತು ಹತ್ತು ವರ್ಷದ ಮೌನ. ಎರಡನ್ನೂ ಅವನು ಬೇಡಿ ಪಡೆದಿರಲಿಲ್ಲ.

ಮುಂದೆ ಎಂದಾದರೂ ಅವನ ವಾಕ್ಚಿತ್ರವೊಂದು ನಿಮಗೆ ನೋಡಸಿಕ್ಕಿದರೆ, ಕೆಲವು ನಿಮಿಷ ಕಣ್ಣು ಮುಚ್ಚಿ ಕೇಳಿ. ಅವನು ಪ್ರತಿಯೊಂದು ಮಾತಿಗೂ ಮುಂಚೆ ಎಷ್ಟು ತಡೆಯುತ್ತಾನೆ, ಮಾತು ಮುಗಿದ ಮೇಲೆ ಎಷ್ಟು ಬಿಡುತ್ತಾನೆ ಎಂಬುದನ್ನು ಗಮನಿಸಿ. ರೇಡಿಯೋ ಕೇಳಿ ಪಳಗಿದ ನಿಮ್ಮ ಕಿವಿಗೆ ಅದು ಕೂಡಲೇ ತಿಳಿಯುತ್ತದೆ.